ನೀರಿನಲ್ಲಿ ಸೇರಿದ ಬಿಳಿ ಕಾಗೆಗಳು

ಆ ಚಳಿಗಾಲದಲ್ಲಿ ನನಗೆ ದಿನಾ ಸಂಜೆ ಜ್ವರ ಬರುತ್ತಿತ್ತು. ದೊಡ್ಡ ಜ್ವರವೇನಲ್ಲ. ಹಣೆ ಮುಟ್ಟಿದರೆ ಬೆಚ್ಚಗೆ, ಕಣ್ಣೊಳಗೆ ಸಣ್ಣ ಉರಿ, ಅಷ್ಟೆ. ಕೇದಾರ ಘಾಟಿನ ಮೆಟ್ಟಿಲುಗಳಿಂದ ಬಿಸಿಲು ಎಂದೋ ಜಾರಿ ಹೋಗಿ, ಆಚೆ ದಡದ ಮರಳಿನ ಮೇಲೆ ಮಾತ್ರ ಒಂದು ಪಟ್ಟಿ ಉಳಿದು, ಅದೂ ಮಂಜಿನಲ್ಲಿ ಅಳಿಸಿಹೋಗುವ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ನಾನು ಕಿಟಕಿಯ ಪಕ್ಕ ಕಂಬಳಿ ಹೊದ್ದು ಗೋಡೆಗೆ ಒರಗುತ್ತಿದ್ದೆ. ನಮ್ಮದು ಓಣಿಯ ಮೇಲಿನ ಅಂತಸ್ತಿನ ಮನೆ. ಎರಡು ಗೋಡೆಗಳ ಸಂದಿಯಲ್ಲಿ ಗಂಗೆ ಒಂದು ಸೀರೆಯ ಅಂಚಿನಷ್ಟು ಕಾಣುತ್ತಾಳೆ. ಜ್ವರ ಏರಿದಂತೆ ಆ ಅಂಚು ಅಗಲವಾಗುತ್ತಿತ್ತು. ದೋಣಿಗಳು ನೀರು ಬಿಟ್ಟು ಗಾಳಿಯಲ್ಲಿ ಹೋದ ಹಾಗೆ ಕಾಣುತ್ತಿದ್ದವು. ಕೇದಾರನ ಗುಡಿಯ ಗಂಟೆ ಬಹಳ ದೂರದಿಂದ, ನನ್ನ ತವರಿನ ಮಲಪ್ರಭೆಯ ದಡದಿಂದ ಬಂದ ಹಾಗೆ ಕೇಳುತ್ತಿತ್ತು. ಆ ಊರು ಬಿಟ್ಟು ಕಾಶಿಗೆ ಸೊಸೆಯಾಗಿ ಬಂದು ಆಗಲೇ ಮೂವತ್ತು ವರ್ಷ ದಾಟಿತ್ತು.

ಸುಖವಾಗಿತ್ತು ಎಂದರೆ ನಗುತ್ತೀರಿ. ಆದರೆ ಸುಖವಾಗಿಯೇ ಇತ್ತು. ನೋವು ಬರುತ್ತಿದ್ದುದು ಬೆಳಿಗ್ಗೆ.

ಉಚ್ಚೆಗೆ ಹೋದರೆ ಉರಿ. ಹೋಗಿ ಬಂದು ಸೆರಗು ಸರಿಮಾಡಿಕೊಳ್ಳುವುದರೊಳಗೆ ಮತ್ತೆ ಹೋಗಬೇಕು. ಎಡಗಡೆಯ ಸೊಂಟದ ಮೇಲೆ ಯಾರೋ ಒನಕೆಯ ತುದಿ ಒತ್ತಿ ಹಿಡಿದಂಥ ನೋವು. ಅನ್ನ ಕಂಡರೆ ಬೇಸರ. ರವಿಕೆಯ ತೋಳು ಸಡಿಲವಾಗುತ್ತ ಬಂದಿತ್ತು. ಇದನ್ನೆಲ್ಲ ಮರ್ಯಾದೆಯ ಮಾತಿನಲ್ಲಿ ಬರೆಯಬಹುದು. ಬರೆದರೆ ಓದುವ ಹೆಣ್ಣುಮಕ್ಕಳಿಗೆ ಅದರಿಂದ ಪ್ರಯೋಜನವಿಲ್ಲ.

ಓಣಿ ದಾಟಿ ದೊಡ್ಡ ರಸ್ತೆಗೆ ಬಂದರೆ ಒಬ್ಬ ಡಾಕ್ಟರಮ್ಮ ಇದ್ದರು. ಪರದೆಯ ಹಿಂದೆ ಅವರದೇ ಒಂದು ಸಣ್ಣ ಲ್ಯಾಬು. ಮೊದಲ ಸಲ ನನ್ನ ಉಚ್ಚೆ ಪರೀಕ್ಷೆ ಮಾಡಿಸಿದಾಗಲೇ ಅವರ ಹುಬ್ಬು ಗಂಟಾಯಿತು. ರಕ್ತದಲ್ಲಿ ಬಿಳಿಯ ಕಣಗಳಿರುತ್ತವಂತೆ. ಮೈಯೊಳಗೆ ಎಲ್ಲಿ ಕೇಡು ಹೊಕ್ಕರೂ ಅವು ಅಲ್ಲಿಗೆ ಓಡುತ್ತವಂತೆ. ಉಚ್ಚೆಯಲ್ಲಿ ಒಂದೆರಡು ಕಂಡರೆ ಚಿಂತೆಯಿಲ್ಲ, ನಿಮ್ಮದರಲ್ಲಿ ಎಣಿಸಲಾಗದಷ್ಟಿವೆ ಎಂದರು. ಹೊಟ್ಟೆಯ ಚಿತ್ರ ತೆಗೆಸಿದಾಗ ಎಡಗಡೆಯ ಕಿಡ್ನಿ ಊದಿಕೊಂಡಿದೆ ಎಂದು ಬಂತು. ಕೇಡು ಯಾವುದೆಂದು ಬೇಗ ಗೊತ್ತಾಗಿ ನಿಲ್ಲಿಸಿದರೆ ಸರಿ, ಇಲ್ಲವಾದರೆ ಆ ಕಿಡ್ನಿ ಕೆಟ್ಟುಹೋಗುತ್ತದೆ, ಕೆಟ್ಟ ಮೇಲೆ ಕತ್ತರಿಸಿ ತೆಗೆಯುವುದೊಂದೇ ದಾರಿ ಎಂದು ಡಾಕ್ಟರಮ್ಮ ಸುತ್ತುಬಳಸದೆ ಹೇಳಿದರು. ನನಗೆ ಅಂಥ ಮಾತು ಇಷ್ಟ. ಮೈಯಲ್ಲಿರುವುದನ್ನು ಕತ್ತರಿಸುವುದು ಇಷ್ಟವಿರಲಿಲ್ಲ.

ಯಾಕೆ ಹೀಗಾಯಿತು ಎಂಬುದಕ್ಕೆ ಎಲ್ಲರ ಬಳಿಯೂ ಒಂದೇ ಉತ್ತರವಿತ್ತು: ಮಡಿ.

ನಮ್ಮ ಮನೆಯವರು ತೀರ್ಥಪುರೋಹಿತರು. ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಸಂಕಲ್ಪ, ಪಿಂಡದಾನ, ತೀರ್ಥಶ್ರಾದ್ಧ ಮಾಡಿಸುವುದು ಅವರ ಅಜ್ಜನ ಕಾಲದಿಂದ ಬಂದ ಕೆಲಸ. ಶ್ರಾದ್ಧದ ಅಡುಗೆ ನನ್ನದು. ತಲೆಯ ಮೇಲೆ ನೀರು ಹಾಕಿಕೊಂಡು ಮಡಿಸೀರೆ ಉಟ್ಟು ಒಲೆಯ ಮುಂದೆ ಕುಳಿತರೆ, ಬ್ರಾಹ್ಮಣರ ಊಟವಾಗಿ ಎಲೆ ಎತ್ತುವವರೆಗೆ ಹನಿ ನೀರು ಕುಡಿಯುವಂತಿಲ್ಲ. ನಡುವೆ ಉಚ್ಚೆಗೆ ಎದ್ದು ಹೋದರೆ ಮಡಿ ಹೋಯಿತು, ಮತ್ತೆ ತಲೆಯ ಮೇಲೆ ನೀರು, ಮತ್ತೆ ಬೇರೆ ಸೀರೆ. ಬೇರೆಯವರ ಮನೆಗಳಲ್ಲಿ ಕೈಕಾಲು ತೊಳೆದರೆ ನಡೆಯುತ್ತಿತ್ತು. ನಮ್ಮತ್ತೆಯ ಕಟ್ಟಳೆಯಲ್ಲಿ ನಡೆಯುತ್ತಿರಲಿಲ್ಲ. ಹೀಗಾಗಿ ತಡೆದುಕೊಳ್ಳುವುದೇ ರೂಢಿ. ಪಿತೃಪಕ್ಷದಲ್ಲಿ ದಿನಾ ತಡೆದುಕೊಂಡಿದ್ದೇನೆ. ಪುಷ್ಯದ ಚಳಿಯಲ್ಲಿ ಮತ್ತೆ ತಣ್ಣೀರು ಹಾಕಿಕೊಳ್ಳುವುದಕ್ಕಿಂತ ಹಲ್ಲು ಕಚ್ಚಿ ಕೂರುವುದು ಸುಲಭ ಅನಿಸುತ್ತಿತ್ತು.

ಇದನ್ನು ಕೇಳಿ ಡಾಕ್ಟರಮ್ಮ ನನ್ನನ್ನು ಬೈದರು. ನೀರು ಕುಡಿಯಿರಿ, ಬಂದಾಗ ಎದ್ದು ಹೋಗಿ ಎಂದರು. ನಾನು ಕುಡಿದೆ, ಎದ್ದೂ ಹೋದೆ. ಮಡಿ ಬಿಡಲಿಲ್ಲ, ಹೋದಾಗಲೆಲ್ಲ ಮತ್ತೆ ತಲೆಯ ಮೇಲೆ ನೀರು ಹಾಕಿಕೊಂಡೆ. ಕೂದಲು ಒಣಗಲೇ ಇಲ್ಲ. ನೆಗಡಿ ಬಂತು, ಉರಿ ಹೋಗಲಿಲ್ಲ.

ಮದ್ದು ಕೊಟ್ಟರು. ಮದ್ದು ತಿಂದಾಗ ನಾಲ್ಕು ದಿನ ಸ್ವಲ್ಪ ಹಗುರ, ಆಮೇಲೆ ಮತ್ತೆ ಮೊದಲಿನಂತೆ. ಉಚ್ಚೆಯನ್ನು ಒಂದು ತಟ್ಟೆಯಲ್ಲಿ ಬಿತ್ತಿ, ಯಾವ ಹುಳು ಬೆಳೆಯುತ್ತದೆ ನೋಡಿ, ಆ ಹುಳಕ್ಕೆ ತಕ್ಕ ಮದ್ದು ಕೊಡುವ ಪರೀಕ್ಷೆ ಒಂದಿದೆ. ಕಲ್ಚರ್ ಎನ್ನುತ್ತಾರೆ. ಅದನ್ನೂ ಮಾಡಿಸಿದರು. ಹಿಂದಿನ ಸಂಜೆ ನಮ್ಮವರು ಲ್ಯಾಬಿನಿಂದ ಮುಚ್ಚಳ ಬಿಗಿದ ಖಾಲಿ ಬಾಟಲಿ ತರುತ್ತಿದ್ದರು. ಬೆಳಿಗ್ಗೆ ಎದ್ದ ಕೂಡಲೇ ಅದರಲ್ಲಿ ನನ್ನ ಮೊದಲ ಉಚ್ಚೆ ಹಿಡಿದು ಕೊಡುವುದು. ಅವರು ತಮ್ಮ ಸ್ನಾನಕ್ಕೆ ಮುಂಚೆ ಅದನ್ನು ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ, ಮೈಗೆ ತಗಲದಂತೆ ಕೈ ಚಾಚಿ ಹಿಡಿದು, ಓಣಿಯಲ್ಲಿ ಎದುರಿಗೆ ಬಂದ ದನಕ್ಕೂ ದಾರಿ ಬಿಟ್ಟುಕೊಂಡು ಹೋಗಿ ಕೊಟ್ಟುಬರುತ್ತಿದ್ದರು. ಮೂವತ್ತು ವರ್ಷದಲ್ಲಿ ಅವರು ನನಗಾಗಿ ಹೊತ್ತ ಭಾರ ಅದೊಂದೇ ಎಂದು ನಾನು ಆಗ ಸೊಸೆಯ ಎದುರು ಹೇಳಿದ್ದುಂಟು.

ತಟ್ಟೆಯಲ್ಲಿ ಹುಳುಗಳು ಬೆಳೆದವು. ಒಂದು ಸಲ ಒಂದು ಜಾತಿ, ಇನ್ನೊಂದು ಸಲ ಮತ್ತೊಂದು. ಅವಕ್ಕೆ ತಕ್ಕ ಮದ್ದು ಬಂತು. ಹೊಟ್ಟೆ ಕೆಟ್ಟಿತು, ಬಾಯಿ ಕಹಿಯಾಯಿತು. ಬಿಳಿಯ ಕಣಗಳು ಮಾತ್ರ ಇದ್ದಷ್ಟೇ ಇದ್ದವು.

ಸಂಜೆಯಾದರೆ ನಾನು ಮತ್ತೆ ಕಿಟಕಿಗೆ ಬರುತ್ತಿದ್ದೆ. ಒಲೆಯ ಕೆಲಸವನ್ನು ಸೊಸೆ ವಹಿಸಿಕೊಂಡಿದ್ದಳು. ಮಗ ರೈಲ್ವೆಯಲ್ಲಿದ್ದವನು, ರಜೆ ಸಿಕ್ಕಾಗ ಬರುವವನು. ಮಂಜಿನಿಂದ ರೈಲುಗಳೆಲ್ಲ ತಡವಾಗಿ ಯಾತ್ರಿಕರು ಕಡಿಮೆಯಾಗಿದ್ದರು. ಓಣಿಯಲ್ಲಿ ಸದ್ದಿರಲಿಲ್ಲ. ಆ ನಿಶ್ಶಬ್ದದಲ್ಲಿ ಕಣ್ಣು ತೆರೆದೇ ಇರುವಾಗ ನನಗೆ ಒಂದು ಪಂಕ್ತಿ ಕಾಣುತ್ತಿತ್ತು.

ನಮ್ಮ ನಡುಮನೆಗಿಂತ ಎಷ್ಟೋ ಉದ್ದದ ಪಂಕ್ತಿ. ಗೋಡೆ ದಾಟಿ, ಘಾಟಿನ ಮೆಟ್ಟಿಲು ಇಳಿದು, ನೀರಿನ ಮೇಲೆ ಹಾದು, ಮಂಜಿನೊಳಗೆ ಹೋಗುವ ಪಂಕ್ತಿ. ಎಲೆಯ ಮುಂದೆ ಕುಳಿತವರು ಯಾರ‍್ಯಾರದೋ ಅಪ್ಪ, ಅಜ್ಜ, ಮುತ್ತಜ್ಜಿಯರು. ಅವರ ಹೆಸರು ಗೋತ್ರಗಳನ್ನೆಲ್ಲ ನಮ್ಮವರು ಸಂಕಲ್ಪದಲ್ಲಿ ಹೇಳುವಾಗ ಒಲೆಯ ಬಳಿಯಿಂದ ನಾನು ಕೇಳಿದವಳು. ನಾನು ಬೇಯಿಸಿದ್ದನ್ನು ಅವರೇ ತಿಂದಿದ್ದು, ಮುಖ ಮಾತ್ರ ಈಗ ನೋಡುತ್ತಿದ್ದೆ. ಹುಬ್ಬಳ್ಳಿಯ ಕಡೆಯವರು, ಶಿರಸಿಯವರು, ಮೈಸೂರಿನವರು. ಯಾರೂ ಮಾತಾಡುತ್ತಿರಲಿಲ್ಲ. ನನಗೆ ಹೆದರಿಕೆಯಾಗಲಿಲ್ಲ. ಇಷ್ಟು ಜನಕ್ಕೆ ಅನ್ನ ಸಾಲುವುದಿಲ್ಲವಲ್ಲ ಎಂಬುದೊಂದೇ ಚಿಂತೆ. ತುಪ್ಪ ಬಡಿಸುತ್ತ ಬಡಿಸುತ್ತ ನೀರಿನ ಅಂಚಿನವರೆಗೆ ಹೋಗುತ್ತಿದ್ದೆ. ಅಲ್ಲಿ ನಮ್ಮತ್ತೆ ಕುಳಿತಿರುತ್ತಿದ್ದರು. ಎಲೆಯ ಮೇಲೆ ಏನೂ ಬೇಡ, ಕುಡಿಯಲು ನೀರು ಕೊಡು ಎಂದು ಕೈಸನ್ನೆ ಮಾಡುತ್ತಿದ್ದರು. ಚೊಂಬಿನ ನೀರು ಎಷ್ಟು ಹೊಯ್ದರೂ ಅವರ ಬೊಗಸೆ ತುಂಬುತ್ತಿರಲಿಲ್ಲ. ಅಷ್ಟರಲ್ಲಿ ಸೊಸೆ ಬಂದು ದೀಪ ಹಚ್ಚುತ್ತಿದ್ದಳು, ಪಂಕ್ತಿ ಗೋಡೆಯಾಗುತ್ತಿತ್ತು.

ಇದನ್ನು ನಮ್ಮವರಿಗೆ ಹೇಳಿದೆ. ಹೇಳಬಾರದಿತ್ತು. ಪಿತೃಗಳು ಕಾಣಿಸಿಕೊಂಡರೆ ಕರೆ ಬಂದ ಹಾಗೆ ಎಂದು ಅವರ ಮನಸ್ಸಿಗೆ ಹೊಕ್ಕಿತು. ಮರುದಿನ ಸಂಧ್ಯಾವಂದನೆ ಮುಗಿಸಿ ಬಂದು ನನ್ನ ಬಳಿ ಕುಳಿತು, ಬಹಳ ಮೆತ್ತಗೆ ಹೇಳಿದರು.

"ನೋಡು, ಮಂದಿ ಎಲ್ಲೆಲ್ಲಿಂದಲೋ ಇಲ್ಲಿ ಸಾಯಲಿಕ್ಕೆ ಬರ್ತಾರ. ನಾವು ಇಲ್ಲೇ ಇದ್ದೇವಿ. ಕಾಶ್ಯಾಗ ದೇಹ ಬಿಟ್ರ ಮತ್ತ ಜನ್ಮ ಇಲ್ಲ. ಅಂಜಬ್ಯಾಡ."

"ಹೌದ? ಹಂಗಿದ್ರ ಮೊದಲ ನೀವ ನಡೀರಿ. ನಾ ಹಿಂದಿಂದ ಅಡಗಿ ಮುಗಿಸಿ ಬರ್ತೀನಿ."

ಅವರು ಎದ್ದು ಹೋದರು. ಬಾಗಿಲಾಚೆ ಸೊಸೆ ನಗುವುದು ಕೇಳಿಸಿತು. ಸಾವಿನ ಮಾತು ನಮ್ಮಲ್ಲಿ ಉಪ್ಪಿನಕಾಯಿಯ ಹಾಗೆ, ದಿನಾ ಎಲೆಯ ಮೇಲೆ ಇರುತ್ತದೆ. ಮಣಿಕರ್ಣಿಕೆಯಲ್ಲಿ ಹೆಣ ಸುಟ್ಟು ಬಂದವರು ಸ್ನಾನ ಮಾಡಿ ನಮ್ಮಲ್ಲೇ ಊಟಕ್ಕೆ ಕೂರುತ್ತಾರೆ. ಹಾಗೆಂದು ನನಗೆ ಹೋಗುವ ಅವಸರವಿರಲಿಲ್ಲ. ಎರಡು ಕಿಡ್ನಿ ಕೊಟ್ಟು ಕಳಿಸಿದವನಿಗೆ ಎರಡನ್ನೂ ಒಪ್ಪಿಸುವುದು ಲೆಕ್ಕ ಎಂದು ನನ್ನ ಹಟ.

ಪುಷ್ಯ ಮಾಸದ ಒಂದು ಬೆಳಿಗ್ಗೆ ಡಾಕ್ಟರಮ್ಮ ನನ್ನ ಎಲ್ಲ ರಿಪೋರ್ಟುಗಳನ್ನೂ ಮೇಜಿನ ಮೇಲೆ ಹರಡಿಕೊಂಡು ಕುಳಿತಿದ್ದರು. ಹೊರಗೆ ಮಂಜು ಎಷ್ಟಿತ್ತೆಂದರೆ ರಿಕ್ಷಾದ ಗಂಟೆ ಕೇಳುತ್ತಿತ್ತು, ರಿಕ್ಷಾ ಕಾಣುತ್ತಿರಲಿಲ್ಲ. ಯಾವುದೋ ಒಂದು ತಾಳೆಯಾಗುತ್ತಿಲ್ಲ ಎಂದರು. ಒಬ್ಬಳೇ ಹೆಂಗಸಿನ ಮೈಯಲ್ಲಿ ತಿಂಗಳಿಗೊಂದು ಹೊಸ ಹುಳು ಯಾಕೆ ಬರಬೇಕು? ಒಂದೇ ಬಾಟಲಿಯಲ್ಲಿ ಮೂರು ಜಾತಿ ಹೇಗೆ? ಹುಳು ಸಾಯುವ ಮದ್ದು ಕೊಟ್ಟರೂ ಬಿಳಿಯ ಕಣ ಯಾಕೆ ಇಳಿಯುತ್ತಿಲ್ಲ? ಆಮೇಲೆ ನನ್ನನ್ನು ಒಂದೊಂದಾಗಿ ಕೇಳತೊಡಗಿದರು. ತೊಳೆದುಕೊಂಡು ಹಿಡಿಯುತ್ತೀರಾ, ಮೊದಲ ಧಾರೆ ಬಿಟ್ಟು ನಡುವಿನದು ಹಿಡಿಯುತ್ತೀರಾ, ಎಷ್ಟು ಹೊತ್ತಿಗೆ ತಲುಪಿಸುತ್ತೀರಿ. ನಾನು ಎಲ್ಲಕ್ಕೂ ಉತ್ತರ ಕೊಟ್ಟೆ. ಉಚ್ಚೆ ಹಿಡಿಯುವ ಹೊತ್ತಿಗೇ ಬಾಟಲಿಯ ಮುಚ್ಚಳ ತೆಗೆಯುತ್ತೀರಲ್ಲವೇ ಎಂದರು. ನಾನು ಬಾಯಿ ತೆರೆಯುವ ಮೊದಲೇ ಪಕ್ಕದ ಸ್ಟೂಲಿನ ಮೇಲೆ ಶಾಲು ಹೊದ್ದು ಕುಳಿತಿದ್ದ ನಮ್ಮವರು ಹಿಂದಿಯಲ್ಲಿ, ಸಭೆಯಲ್ಲಿ ಮಾತಾಡುವ ಗತ್ತಿನಲ್ಲಿ ಹೇಳಿದರು:

"ಬಾಟಲಿಯ ಚಿಂತೆ ಬಿಡಿ, ಡಾಕ್ಟರ್ ಸಾಹಿಬಾ. ಅದು ಯಾರ‍್ಯಾರ ಕೈ ಮುಟ್ಟಿ ಬಂದಿರುತ್ತದೋ ಏನೋ. ಪ್ರತಿ ಸಲ ನಾನೇ ಗಂಗಾಜಲದಲ್ಲಿ ತೊಳೆದು ಶುದ್ಧ ಮಾಡಿ, ಬೋರಲು ಹಾಕಿಟ್ಟು, ಬೆಳಿಗ್ಗೆ ಇವಳ ಕೈಗೆ ಕೊಟ್ಟಿದ್ದೇನೆ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಬಾಟಲಿ ಒಳಗೆ ತೇವವಿರುವುದನ್ನು ನಾನೂ ಕಂಡಿದ್ದೆ, ಮಂಜಿನ ಬೆವರು ಎಂದುಕೊಂಡಿದ್ದೆ.

"ಪಂಡಿತ್‌ಜಿ, ಹಾಗಾದರೆ ಇಷ್ಟು ತಿಂಗಳು ನಾನು ಮದ್ದು ಕೊಟ್ಟಿದ್ದು ಗಂಗಾಮಾಯಿಗೆ," ಎಂದರು ಡಾಕ್ಟರಮ್ಮ.

ನಮ್ಮವರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಒಪ್ಪಲಿಲ್ಲ. ತಾಮ್ರದ ಗಿಂಡಿಯಲ್ಲಿ ಬಾಯಿಗೆ ಬೆಸುಗೆ ಹಾಕಿದ ಗಂಗಾಜಲ ಯಾತ್ರಿಕರ ಮನೆಯ ದೇವರ ಗೂಡಿನಲ್ಲಿ ತಲೆಮಾರು ಕಾಲ ಕೆಡದೆ ಇರುತ್ತದೆ, ಅದರಲ್ಲಿ ಹುಳು ಹೇಗೆ ಎಂದು ವಾದ ಹೂಡಿದರು. ಡಾಕ್ಟರಮ್ಮ ವಾದ ಮಾಡಲಿಲ್ಲ. ಲ್ಯಾಬಿನಿಂದ ಒಂದು ಹೊಸ ಬಾಟಲಿ ತರಿಸಿ, ನನ್ನ ಕಣ್ಣೆದುರೇ ಅದರ ಬಿಗಿ ತೋರಿಸಿ, ಹಿಂದುಗಡೆಯ ಬಚ್ಚಲಿಗೆ ನನ್ನನ್ನೇ ಕಳಿಸಿದರು. ನಾನು ಹೋಗುವಾಗ ನಮ್ಮವರಿಗೆ ಕನ್ನಡದಲ್ಲಿ ಒಂದು ಮಾತು ಹೇಳಿ ಹೋದೆ.

"ಗಂಗಾ ಪಾಪ ತೊಳೀತಾಳ, ಖರೆ. ಬಾಟ್ಲಿ ತೊಳೀತಾಳ ಅಂತ ಯಾವ ಪುರಾಣದಾಗ ಬರದಾರ, ಮನಿಗೆ ಹೋಗಿ ತಗದ ಇಡ್ರಿ."

ಅವತ್ತು ಡಾಕ್ಟರಮ್ಮ ತಾವೇ ಪರದೆಯ ಹಿಂದೆ ಹೋಗಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಬಹಳ ಹೊತ್ತು ಬರಲಿಲ್ಲ. ಆಮೇಲೆ ಪರದೆ ಸರಿಸಿ, ಬನ್ನಿ ಮಾತಾಜಿ, ನಿಮ್ಮ ಆಸ್ತಿ ನೀವೂ ನೋಡಿ ಎಂದು ಕರೆದರು. ನಾನು ಒಂದು ಕಣ್ಣು ಮುಚ್ಚಿ ಬಗ್ಗಿದೆ. ಮೊದಲು ನನ್ನ ರೆಪ್ಪೆಯೇ ಕಂಡಿತು. ಆಮೇಲೆ ಒಂದು ಗುಂಡನೆಯ ಬೆಳಕು, ಮಂಜಿನ ಹಿಂದಿನ ಹುಣ್ಣಿಮೆಯಂಥದು. ಅದರ ತುಂಬ ಬೆಂದ ಸಾಬಕ್ಕಿ. ಹಾಗೆಯೇ ಇತ್ತು, ಬೇರೆ ಹೋಲಿಕೆ ನನಗೆ ಬರುವುದಿಲ್ಲ. ಪಾಯಸದ ಪಾತ್ರೆಯಲ್ಲಿ ಕುದಿ ನಿಂತ ಮೇಲೆ ತೇಲುವ ಸಾಬಕ್ಕಿ, ಒಂದಕ್ಕೊಂದು ಒತ್ತಿಕೊಂಡು, ತಿಳಿಯಾಗಿ. ಕೆಲವು ದೊಡ್ಡದಾಗಿ ಉಬ್ಬಿದ್ದವು. ಉಬ್ಬಿದವುಗಳ ಒಳಗೆ ಸಣ್ಣ ಸಣ್ಣ ಚುಕ್ಕೆಗಳು ಮಿಣಮಿಣ ಕುಣಿಯುತ್ತಿದ್ದವು, ಬೆಳಕಿಂಡಿಯ ಬಿಸಿಲಕೋಲಿನಲ್ಲಿ ಧೂಳು ಕುಣಿಯುವ ಹಾಗೆ, ಅದಕ್ಕಿಂತಲೂ ಚುರುಕಾಗಿ. ನೀರು ಕುಡಿದು ಉಬ್ಬಿದ ಬಿಳಿಯ ಕಣಗಳು ಹಾಗೆ ಮಿನುಗುತ್ತವೆ ಎಂದು ಡಾಕ್ಟರಮ್ಮ ಹೇಳುತ್ತಿದ್ದರು. ಅವರ ದನಿ ದೂರ ಹೋಯಿತು. ನಾನು ಆ ಬೆಳಕಿನ ಒಳಗೇ ಇದ್ದೆ. ನನ್ನ ಸುತ್ತ ಅವು ನಿಧಾನವಾಗಿ ಸರಿಯುತ್ತಿದ್ದವು. ಜ್ವರವಿಲ್ಲದ ಹೊತ್ತಿನಲ್ಲಿ, ಹಾಡುಹಗಲಿನಲ್ಲಿ, ಸಂಜೆಯ ಕನಸು ಕಣ್ಣೆದುರಿಗೇ ಬಂದು ನಿಂತಂತಿತ್ತು.

ಇವೆಲ್ಲ ನನ್ನವೇ ಎಂದು ಕೇಳಿದೆ. ನಿಮ್ಮವೇ ಎಂದರು. ಇಷ್ಟು ಚೆಂದದ್ದನ್ನು ಮೂರು ತಿಂಗಳಿಂದ ಬೈಯುತ್ತ ಬಚ್ಚಲಿಗೆ ಬಿಟ್ಟಿದ್ದೆನಲ್ಲ ಎನಿಸಿತು. ತಲೆ ಎತ್ತಿದಾಗ ಕತ್ತು ಹಿಡಿದಿತ್ತು.

ಕೆಲವು ದಿನ ಬಿಟ್ಟು ಕಲ್ಚರಿನ ಫಲ ಬಂತು. ತಟ್ಟೆಯಲ್ಲಿ ಏನೂ ಬೆಳೆದಿರಲಿಲ್ಲ. ಮತ್ತೊಮ್ಮೆ ಅಲ್ಲಿಯೇ ಕೊಟ್ಟು ಮಾಡಿಸಿದರು, ಆಗಲೂ ಇಲ್ಲ. ನಮ್ಮವರ ಮುಖ ಅರಳಿತು. ಹುಳುವೇ ಇಲ್ಲ ಎಂದ ಮೇಲೆ ರೋಗವೂ ಇಲ್ಲವಲ್ಲ ಎಂದರು. ಡಾಕ್ಟರಮ್ಮನ ಮುಖ ಅರಳಲಿಲ್ಲ. ಹುಳು ಕಾಣುತ್ತಿಲ್ಲ, ಬಿಳಿಯ ಕಣಗಳು ಮಾತ್ರ ತುಂಬಿಕೊಂಡಿವೆ, ಇದೇ ದೊಡ್ಡ ಗುರುತು ಎಂದರು. ಗಂಗಾಜಲದ ಹುಳುಗಳ ಗದ್ದಲದಲ್ಲಿ ಆ ಗುರುತು ಮುಚ್ಚಿಹೋಗಿತ್ತು.

ನನಗೆ ಅದು ತಟ್ಟನೆ ತಿಳಿಯಿತು. ಶ್ರಾದ್ಧದ ದಿನ ಪಿಂಡವನ್ನು ಮಾಳಿಗೆಯ ಮೇಲೆ ಇಡುತ್ತೇವೆ. ಕಾಗೆ ಬಂದು ಮುಟ್ಟಬೇಕು. ಎಷ್ಟೋ ಸಲ ನಮ್ಮ ಮಾಳಿಗೆಯಲ್ಲಿ ಏನೂ ಇಡದಿದ್ದಾಗಲೂ ಸಾಲುಸಾಲು ಕಾಗೆ ಬಂದು ಕೂರುತ್ತವೆ. ಹೊಸಬರು ಅಪಶಕುನ ಎನ್ನುತ್ತಾರೆ. ಶಕುನವೇನಿಲ್ಲ, ಪಕ್ಕದ ಮನೆಯಲ್ಲಿ ಶ್ರಾದ್ಧ ನಡೆಯುತ್ತಿರುತ್ತದೆ. ಇದನ್ನೇ ನನ್ನ ಹಿಂದಿಯಲ್ಲಿ ಡಾಕ್ಟರಮ್ಮನಿಗೆ ಹೇಳಿದೆ.

"ಕಾಗೆ ಸುಮ್ಮನೆ ಸೇರುವುದಿಲ್ಲಮ್ಮ. ಪಿಂಡ ಎಲ್ಲೋ ಇಟ್ಟಿದ್ದಾರೆ. ನಿಮ್ಮ ಮಾಳಿಗೆಯಿಂದ ಕಾಣದು, ಅಷ್ಟೆ."

ಅವರು ನಕ್ಕರು. ತಾವೂ ಅದನ್ನೇ ಯೋಚಿಸುತ್ತಿರುವುದಾಗಿ ಹೇಳಿದರು. ಹೀಗೆ ಹುಳು ಕಾಣದೆ ಬಿಳಿಯ ಕಣ ತುಂಬಲು ಕಾರಣಗಳು ಕೆಲವಿವೆ. ಕಲ್ಲಿದ್ದರೆ ಹೀಗಾಗುತ್ತದೆ, ನನಗೆ ಕಲ್ಲಿರಲಿಲ್ಲ. ಕೆಲವು ಮದ್ದುಗಳು ಕಿಡ್ನಿಗೆ ಒಗ್ಗದಿದ್ದರೂ ಆಗುತ್ತದೆ. ಆದರೆ ನನಗೆ ಮದ್ದಿಗೆ ಮೊದಲೇ ಇತ್ತು. ಇನ್ನೊಂದು, ಸಂಜೆಯ ಜ್ವರ, ಸೊರಗುವ ಮೈ, ಊಟದ ಬೇಸರ ಎಲ್ಲದಕ್ಕೂ ಹೊಂದುವಂಥದು, ಟಿಬಿ.

ನಮ್ಮವರು ಸ್ಟೂಲಿನಿಂದ ಎದ್ದುಬಿಟ್ಟರು. ಇವಳಿಗೆ ಕೆಮ್ಮೇ ಇಲ್ಲವಲ್ಲ ಎಂದರು. ಕ್ಷಯವೆಂದರೆ ಕೆಮ್ಮು, ಕ್ಷಯವೆಂದರೆ ರಕ್ತ ಕಾರುವುದು, ಅಷ್ಟೇ ನಮಗೆ ಗೊತ್ತಿದ್ದುದು. ಅದು ಎಂದೋ ಉಸಿರಿನಲ್ಲಿ ಒಳಗೆ ಹೋಗಿ, ಕೆಮ್ಮೂ ಬರಿಸದೆ, ರಕ್ತದ ದಾರಿ ಹಿಡಿದು ಕಿಡ್ನಿಯಲ್ಲಿ ಅಡಗಿ ಕೂರಬಹುದಂತೆ. ವರ್ಷಗಟ್ಟಲೆ ಸುಮ್ಮನಿದ್ದು ಏಳಬಹುದಂತೆ. ಅದರ ಹುಳು ಬಹಳ ಸೋಮಾರಿ, ಮಾಮೂಲಿ ತಟ್ಟೆಯಲ್ಲಿ ಬೆಳೆಯುವುದೇ ಇಲ್ಲ. ಅದಕ್ಕೆ ಬೇರೆ ಆಹಾರ ಬೇಕು, ವಾರಗಟ್ಟಲೆ ಕಾಯಬೇಕು. ಅಷ್ಟರಲ್ಲಿ ಎಡ ಕಿಡ್ನಿಯಿಂದ ಇಳಿಯುವ ನಾಳ ಮುಚ್ಚಿಕೊಂಡರೆ ಏನು ಎಂದು ನಾನು ಕೇಳಿದೆ. ಮುಚ್ಚಿಕೊಂಡರೆ ಹೋಯಿತು, ಅದಕ್ಕೇ ಕಣ್ಣಿಟ್ಟಿರುತ್ತೇನೆ ಎಂದರು.

ಎದೆಯ ಚಿತ್ರ ತೆಗೆದರು, ಅಲ್ಲಿ ಏನೂ ಇರಲಿಲ್ಲ. ಬೆಳಗಿನ ಉಚ್ಚೆಯನ್ನು ಒಂದರ ಹಿಂದೆ ಒಂದು ಕೆಲವು ದಿನ ಕೊಡಬೇಕಾಯಿತು. ಈಗ ಬಾಟಲಿ ತರುವುದು, ಒಯ್ಯುವುದು ಎರಡೂ ಸೊಸೆಯದು. ನಮ್ಮವರು ಆ ಬಾಟಲಿ ಕಂಡರೆ ದೇವರ ಕೋಣೆಗೆ ಹೋಗಿಬಿಡುತ್ತಿದ್ದರು. ನನ್ನ ಜೊತೆ ಮಾತು ಕಡಿಮೆಯಾಯಿತು. ಅವರು ಮಾಡಿದ್ದು ಕೇಡಲ್ಲ, ಅವರಿಗೆ ಗೊತ್ತಿದ್ದ ಶುದ್ಧ ಅದೊಂದೇ. ಅದನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ನನಗಿಲ್ಲ. ಅವರ ತಟ್ಟೆಗೆ ಎರಡನೆಯ ಸಲ ಸಾರು ಹಾಕಿಸಿದೆ.

ಕಾಯುವ ಆ ವಾರಗಳಲ್ಲಿ ಮದ್ದೆಲ್ಲ ನಿಲ್ಲಿಸಿದ್ದರು. ಜ್ವರ ತನ್ನ ಇಷ್ಟದಂತೆ ಬಂತು. ನನ್ನ ಕನಸೂ ಬೇರೆಯಾಯಿತು. ಈಗ ಪಂಕ್ತಿ ಇರಲಿಲ್ಲ. ಕಿಟಕಿಯಿಂದ ನೋಡಿದರೆ ಕೇದಾರ ಘಾಟಿನಿಂದ ಹಿಡಿದು ಕಣ್ಣು ಹೋಗುವವರೆಗೆ ಮಾಳಿಗೆಗಳು, ಮಾಳಿಗೆಗಳ ಮೇಲೆಲ್ಲ ಕಾಗೆಗಳು, ಅವೆಲ್ಲ ಬಿಳಿ. ರೆಕ್ಕೆಯೊಳಗೆ ಏನೋ ಮಿಣಮಿಣ ಎನ್ನುತ್ತಿತ್ತು. ಕೂಗುತ್ತಿರಲಿಲ್ಲ, ಜಗಳವಾಡುತ್ತಿರಲಿಲ್ಲ. ಎಲ್ಲವೂ ಒಂದೇ ಕಡೆ ಮುಖ ಮಾಡಿ ಕುಳಿತಿರುತ್ತಿದ್ದವು. ಆ ಕಡೆ ಏನಿದೆ ಎಂದು ನಾನು ತಿರುಗಿ ನೋಡಲು ಹೋದರೆ ಎಡ ಸೊಂಟ ಹಿಡಿಯುತ್ತಿತ್ತು. ತಿರುಗಲಾಗುತ್ತಿರಲಿಲ್ಲ. ಅವುಗಳಿಗೆ ಗೊತ್ತಿದೆ, ನನಗೆ ಗೊತ್ತಿಲ್ಲ, ಆದರೂ ಅವು ನನ್ನ ಕಡೆಯವೇ ಎಂಬ ಸಮಾಧಾನ ಮಾತ್ರ ಎಲ್ಲಿಂದಲೋ ಬರುತ್ತಿತ್ತು. ಮಂಜು ಅವುಗಳ ಮೇಲೆ ಇಳಿಯುತ್ತಿತ್ತು, ಬಿಳಿಯ ಮೇಲೆ ಬಿಳಿ. ಒಂದು ಸಂಜೆ ನಾನು ಕಿಟಕಿಯ ಸರಳಿನಾಚೆ ಕೈ ಚಾಚಿ ಅನ್ನದ ಅಗುಳು ಹಿಡಿದು ಕುಳಿತಿದ್ದೆನಂತೆ. ಸೊಸೆ ಬಂದು ಕೈ ಒಳಗೆ ಎಳೆದಳಂತೆ. ನನಗೆ ನೆನಪಿಲ್ಲ.

ಈ ಸೊಸೆ ಕಾಶಿಯಲ್ಲೇ ಹುಟ್ಟಿದವಳು. ಕನ್ನಡವನ್ನು ಅರ್ಧ ಹಿಂದಿಯಲ್ಲಿ ಆಡುವವಳು. ಶ್ರಾದ್ಧದ ಅಡುಗೆಗೆ ಕುಳಿತಾಗ ಅವಳು ನಡುವೆ ಎದ್ದು ಹೋಗಿ, ಒದ್ದೆ ಕೂದಲಿಲ್ಲದೆ ಮತ್ತೆ ಒಲೆಗೆ ಬರುವುದನ್ನು ನಾನು ಮಲಗಿದಲ್ಲಿಂದ ನೋಡಿದೆ. ಕರೆದು ಕೇಳಿದೆ. ಅವಳು ಮುಚ್ಚಿಡಲಿಲ್ಲ.

"ಅತ್ಯಾ, ಕೈಕಾಲು ಸಾಫ್ ತೊಳದು ಬರ್ತೀನಿ, ಬಸ್. ನೀರೂ ಕುಡೀತೀನಿ. ಯಾವ ಪಿತೃನೂ ಇನ್ನಾ ತನ ಶಿಕಾಯತ್ ಮಾಡಿಲ್ಲ."

"ಮಾವನ ಮುಂದ ಹೇಳಬ್ಯಾಡ."

"ಅವರಿಗೆ ಗೊತ್ತದ. ಮೊನ್ನೆ ಅವರ ನನಗ ನೀರಿನ ತಂಬಿಗಿ ತಂದಿಟ್ಟು ಹೋದ್ರು."

ನಾನು ಮಗ್ಗುಲಾದೆ. ಈ ಮನೆಯಲ್ಲಿ ನನ್ನ ಅತ್ತೆಯ ಕಟ್ಟಳೆ ಮುರಿದದ್ದು ಹಾಗೆ, ಒಂದು ತಂಬಿಗೆಯಿಂದ, ಯಾರೂ ಮಾತಾಡದೆ.

ಶಿವರಾತ್ರಿಯ ಗದ್ದಲ ಮುಗಿದು ಓಣಿಯಲ್ಲಿ ತುಳಿದ ಬಿಲ್ವಪತ್ರೆ ಒಣಗುತ್ತಿದ್ದಾಗ ಡಾಕ್ಟರಮ್ಮನಿಂದ ಫೋನು ಬಂತು. ಸೊಸೆ ಎತ್ತಿದಳು. ಹಾಂ ಜಿ, ಹಾಂ ಜಿ ಎಂದು ಬಹಳ ಹೊತ್ತು ಕೇಳಿ ಇಟ್ಟಳು. ನಮ್ಮವರು ಜಪದ ಸರ ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತಿದ್ದರು. ಸೊಸೆ ನನ್ನ ಬಳಿ ಬಂದು ಕುಳಿತಳು. ತಟ್ಟೆಯಲ್ಲಿ ಸಿಕ್ಕಿತಂತೆ ಎಂದಳು. ಟಿಬಿಯೇ ಎಂದು ಕೇಳಿದೆ, ಹೌದು ಎಂದಳು. ಕೆಟ್ಟ ರೋಗ ಎಂದು ತಿಳಿದು ಮನೆಯ ಮೂವರೂ ಒಟ್ಟಿಗೆ ಉಸಿರುಬಿಟ್ಟದ್ದು ನಮ್ಮ ಮನೆಯಲ್ಲಿ ಮಾತ್ರ ಇರಬೇಕು. ಹೆಸರು ಗೊತ್ತಾದರೆ ಸಂಕಲ್ಪ ಮಾಡಬಹುದು ಎಂದರು ನಮ್ಮವರು. ಬಹಳ ದಿನಗಳ ನಂತರ ಅವರು ನನ್ನೆದುರು ಆಡಿದ ಉದ್ದ ಮಾತು ಅದು.

ಮಾತ್ರೆಗಳು ದೊಡ್ಡವು, ಗಂಟಲಲ್ಲಿ ಸಿಕ್ಕಿಕೊಳ್ಳುವಂಥವು. ತಿಂಗಳುಗಟ್ಟಲೆ ಒಂದು ದಿನವೂ ಬಿಡಬಾರದು, ಗುಣವಾಯಿತು ಅನಿಸಿದರೂ ಬಿಡಬಾರದು, ಬಿಟ್ಟರೆ ಹುಳು ಗಟ್ಟಿಯಾಗುತ್ತದೆ ಎಂದು ಡಾಕ್ಟರಮ್ಮ ಬೆರಳೆತ್ತಿ ಹೇಳಿದ್ದರು. ಒಂದು ಮಾತ್ರೆಯಿಂದ ಕಣ್ಣಿಗೆ ಬಣ್ಣಗಳು ಮಸುಕಾಗಿ ಕಾಣಬಹುದಂತೆ, ಹಾಗಾಗಿ ಸೊಸೆ ದಿನಾ ಬಳೆ ತೋರಿಸಿ ಯಾವ ಬಣ್ಣ ಹೇಳಿ ಎನ್ನುತ್ತಿದ್ದಳು. ನಾನು ಬೇಕೆಂದೇ ತಪ್ಪು ಹೇಳಿ ಒಮ್ಮೆ ಅವಳನ್ನು ಅಳಿಸಿದೆ. ಇನ್ನೊಂದು ಮಾತ್ರೆಯಿಂದ ಉಚ್ಚೆ ಕಾವಿಯ ಬಣ್ಣಕ್ಕೆ ತಿರುಗಿತು. ಮೊದಲೇ ಹೇಳಿದ್ದರಿಂದ ಹೆದರಲಿಲ್ಲ. ನಮ್ಮ ಕಡೆಯ ಮಠದ ಸ್ವಾಮಿಗಳ ಬಟ್ಟೆ ಹಿಂಡಿದ ಹಾಗಿತ್ತು. ಸಂಸಾರಸ್ಥೆ ನಾನು, ಇದೊಂದು ಸನ್ಯಾಸ ತೆಗೆದುಕೊಂಡಿತಲ್ಲ ಎಂದು ಬಚ್ಚಲಿನಲ್ಲಿ ಒಬ್ಬಳೇ ನಕ್ಕೆ.

ನಾನು ಕೆಮ್ಮದಿದ್ದ ಮೇಲೆ ಉಸಿರಿನಿಂದ ಅಂಟುವ ರೋಗವಲ್ಲ, ಅಡುಗೆಯಿಂದಲೂ ಅಂಟುವುದಿಲ್ಲ ಎಂದು ಡಾಕ್ಟರಮ್ಮ ನಮ್ಮವರಿಗೆ ಎರಡೆರಡು ಸಲ ಹೇಳಿದರು. ಆದರೂ ನಾವು ಯಾರಿಗೂ ಹೇಳಲಿಲ್ಲ. ಕೇಳಿದವರಿಗೆ ಸೊಂಟದ ವಾಯು ಎಂದೆವು. ಕಾಶಿಯ ಓಣಿಗಳು ಕಿರಿದು, ಮಾತು ಒಂದು ಸಲ ಹೊಕ್ಕರೆ ತಿರುಗಿ ಬರಲು ಜಾಗವಿಲ್ಲ.

ಬೇಸಿಗೆಯ ಬಿಸಿಗಾಳಿ ಏಳುವ ಹೊತ್ತಿಗೆ ಸಂಜೆಯ ಜ್ವರ ನಿಂತಿತು. ಒಂದು ದಿನ ಕಿಟಕಿಗೆ ಹೋಗಿ ಕುಳಿತೆ, ಬರಲಿಲ್ಲ. ಗಂಗೆ ಸೀರೆಯ ಅಂಚಿನಷ್ಟೇ ಇದ್ದಳು, ಅಗಲವಾಗಲಿಲ್ಲ. ದೋಣಿ ನೀರಿನ ಮೇಲೆ ದೋಣಿಯ ಹಾಗೆ ಹೋಯಿತು. ಮಾಳಿಗೆಯ ಮೇಲೆ ಕರಿಯ ಕಾಗೆಗಳೇ ಕುಳಿತು ಕರ್ಕಶವಾಗಿ ಕೂಗಿದವು. ನನಗೆ ಸ್ವಲ್ಪ ಬೇಜಾರಾಯಿತು. ಇಷ್ಟು ದಿನ ಬರುತ್ತಿದ್ದ ನೆಂಟರು ಹೇಳದೆ ಊರಿಗೆ ಹೋದ ಹಾಗೆ. ಆಮೇಲೆ ಎದ್ದು ಅಕ್ಕಿ ಆರಿಸಲು ಕುಳಿತೆ.

ಕಿಡ್ನಿಯ ವಿಷಯ ಮಾತ್ರ ತೀರ್ಮಾನವಾಗಿರಲಿಲ್ಲ. ಮದ್ದು ಹುಳವನ್ನು ಕೊಲ್ಲುತ್ತದೆ, ಹುಳು ಮಾಡಿದ ಗಾಯ ಮಾಯುವಾಗ ನಾಳ ಇನ್ನಷ್ಟು ಬಿಗಿಯಬಹುದು, ಮದ್ದಿನ ಕೊನೆಗೇ ಅದು ಗೊತ್ತಾಗುವುದು ಎಂದಿದ್ದರು. ಶ್ರಾವಣದಲ್ಲಿ ಗಂಗೆ ಏರಿ ಘಾಟಿನ ಮೆಟ್ಟಿಲುಗಳೆಲ್ಲ ಮುಳುಗಿದ್ದಾಗ ಮತ್ತೆ ಚಿತ್ರ ತೆಗೆದರು. ತಣ್ಣನೆಯ ಅಂಟು ಹಚ್ಚಿ, ಹೊಟ್ಟೆಯ ಮೇಲೆ ಯಂತ್ರ ಒತ್ತಿ, ಕತ್ತಲೆ ಕೋಣೆಯಲ್ಲಿ ಬಹಳ ಹೊತ್ತು ನೋಡಿದರು. ಆ ಬೂದಿ ಬಣ್ಣದ ಪರದೆಯಲ್ಲಿ ನನಗೆ ಮಂಜು ಬಿಟ್ಟು ಬೇರೇನೂ ಕಾಣಲಿಲ್ಲ. ನಮ್ಮವರು ಹೊರಗೆ ಕುಳಿತಿರಲಾರದೆ ಬಾಗಿಲ ಸಂದಿಯಲ್ಲಿ ನಿಂತಿದ್ದರು.

ಚಿತ್ರವನ್ನು ಡಾಕ್ಟರಮ್ಮನಿಗೆ ತೋರಿಸಿದೆವು. ಎಡಗಡೆಯದು ಸೊರಗಿದೆ, ಬಲಗಡೆಯದಕ್ಕಿಂತ ಸಣ್ಣದಾಗಿದೆ, ಆದರೆ ನಾಳ ತೆರೆದಿದೆ, ಕೆಲಸ ಮಾಡುತ್ತಿದೆ ಎಂದರು. ಉಚ್ಚೆಯಲ್ಲಿ ಬಿಳಿಯ ಕಣ ಇರಬೇಕಾದಷ್ಟೇ ಇತ್ತು.

"ಕತ್ತರಿಸುವುದು?" ಎಂದು ಕೇಳಿದೆ.

"ಯಾಕೆ ಕತ್ತರಿಸಬೇಕು, ಮಾತಾಜಿ? ಬಡಕಲಾದರೂ ದುಡಿಯುವವರನ್ನು ಯಾರಾದರೂ ಮನೆಯಿಂದ ಹೊರಗೆ ಹಾಕುತ್ತಾರೆಯೇ?"

ನಾನು ಹಾಗಾದರೆ ಸರಿ ಎಂದೆ. ನಮ್ಮವರು ಅವರಿಗೆ ಕೈಮುಗಿದರು, ನಮಸ್ಕಾರ ಮಾಡಿಸಿಕೊಂಡೇ ಅಭ್ಯಾಸವಿರುವ ಮನುಷ್ಯ.

ಹೊರಗೆ ಜಿನುಗು ಮಳೆ. ರಸ್ತೆಯ ತಿರುವಿನಲ್ಲಿ ಒಬ್ಬ ದೊಡ್ಡ ಬಾಣಲೆಯಲ್ಲಿ ಕಚೋರಿ ಕರಿಯುತ್ತಿದ್ದ. ಮೂವತ್ತು ವರ್ಷ ಆ ದಾರಿಯಲ್ಲಿ ಓಡಾಡಿದವಳು ನಾನು, ಹೊರಗಿನ ಒಂದು ತುಣುಕು ಬಾಯಿಗೆ ಹಾಕಿದವಳಲ್ಲ. ಅವತ್ತು ಹಸಿವಾಯಿತು. ಸುಮ್ಮನೆ ಹಸಿವಲ್ಲ, ಹೊಟ್ಟೆಯೊಳಗೆ ಯಾರೋ ಪಾತ್ರೆ ಬಡಿದಂಥ ಹಸಿವು. ನಾನು ನಿಂತೆ. ನಮ್ಮವರು ನನ್ನ ಮುಖ ನೋಡಿದರು, ಬಾಣಲೆ ನೋಡಿದರು. ಮನೆಗೆ ಹೋಗಿ ಸ್ನಾನ ಮಾಡಿದರಾಯಿತು ಎಂದು ತಮಗೆ ತಾವೇ ಹೇಳಿಕೊಂಡು, ಯಾರಾದರೂ ಗುರುತಿನವರು ಬರುತ್ತಾರೋ ಎಂದು ಓಣಿಯ ಕಡೆ ಮುಖ ತಿರುಗಿಸಿ ನಿಂತರು.

ದೊನ್ನೆಯಲ್ಲಿ ಎರಡು ಕಚೋರಿ, ಮೇಲೆ ಬಿಸಿ ಆಲೂಗಡ್ಡೆ ಪಲ್ಯ. ಖಾರಕ್ಕೆ ಮೂಗು ಸೋರಿತು. ಮತ್ತೆರಡು ಹಾಕಿಸಿಕೊಂಡೆ. ತಿಂದು ಮುಗಿಯುವವರೆಗೆ ಅವರು ನನ್ನ ಕಡೆ ನೋಡಲಿಲ್ಲ. ಅವರ ಒಂದು ಹೆಗಲು ಪೂರ್ತಿ ತೊಯ್ದಿತ್ತು, ಛತ್ರಿ ನನ್ನ ತಲೆಯ ಮೇಲಿತ್ತು.